ನೆಲದ ಮೇಲಿಟ್ಟ ಇಕ್ಕಳ

ನಿನ್ನೆಯ ಪ್ರವಚನದಲ್ಲಿ ಕೊಡುವುದರ ಬಗ್ಗೆ ಮಾತಾಡಿದೆವು. ಏನು ಕೊಡಬೇಕು, ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂದು ನೀವು ಕೇಳಿದಿರಿ. ಹೇಗೆ ಕೊಡಬೇಕು ಎಂದು ಒಬ್ಬರೂ ಕೇಳಲಿಲ್ಲ. ಇವತ್ತು ಅದೊಂದನ್ನೇ ಹೇಳುತ್ತೇನೆ. ಅದಕ್ಕೊಂದು ಕಥೆಯಿದೆ, ಕೇಳಿ.

ಒಂದು ಊರು. ದೊಡ್ಡದೇನಲ್ಲ, ನಿಮ್ಮೂರಿನಷ್ಟೇ. ಆ ಊರಿನಲ್ಲಿ ಒಬ್ಬ ಶ್ರೀಮಂತನಿದ್ದ. ಅವನ ಹೆಸರು ಬೇಡ. ಹೆಸರು ಹೇಳಿದರೆ ಇದು ಅವನ ಕಥೆ ಎಂದುಕೊಂಡು ನೀವು ನೆಮ್ಮದಿಯಾಗಿ ಕೂತುಬಿಡುತ್ತೀರಿ. ಸಾಹುಕಾರ ಎನ್ನೋಣ. ಕೆಟ್ಟವನಲ್ಲ, ನೋಡಿ. ಇದನ್ನು ನೆನಪಿಡಿ. ಕುಡಿಯುವವನಲ್ಲ, ಬೈಯುವವನಲ್ಲ, ಯಾರ ಕೂಲಿಯನ್ನೂ ತಡೆದವನಲ್ಲ. ಪ್ರವಚನಕ್ಕೆ ಬಂದರೆ ಮುಂದಿನ ಸಾಲಿನಲ್ಲೇ ಕೂರುವವನು.

ಅದೇ ಊರಿನಲ್ಲಿ ಒಬ್ಬ ರಿಪೇರಿ ಮಾಡುವವನಿದ್ದ. ಇವನ ಹೆಸರು ಹೇಳುತ್ತೇನೆ. ಕಥೆಗಳಲ್ಲಿ ಇಂಥವರಿಗೆ ಹೆಸರೇ ಇರುವುದಿಲ್ಲ, ಅದಕ್ಕೇ ಹೇಳುತ್ತೇನೆ. ಮೈಲಾರಪ್ಪ. ಊರ ಕೊನೆಯಲ್ಲಿ, ಮುಟ್ಟಬಾರದು ಎಂದು ನಾವು ದೂರವಿಟ್ಟವರ ಕೇರಿಯವನು. ನೀರಿನ ಮೋಟಾರು, ಔಷಧ ಹೊಡೆಯುವ ಪಂಪು, ಹೊಲಿಗೆ ಯಂತ್ರ, ಮಿಕ್ಸಿ, ಕೆಟ್ಟದ್ದೇನಿದ್ದರೂ ಮೈಲಾರಪ್ಪನೇ ಬರಬೇಕು. ಬಿಚ್ಚಿದ ನಟ್ಟುಗಳನ್ನು ತನ್ನ ಟವೆಲ್ಲಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದ. ನೋಡುವವರಿಗೆ ತಾವೂ ಏನಾದರೂ ಬಿಚ್ಚಿ ಕಟ್ಟಬೇಕು ಅನಿಸುತ್ತಿತ್ತು.

ಸಾಹುಕಾರನಿಗೂ ಅನಿಸಿತು. ವಯಸ್ಸು ಐವತ್ತೆಂಟು, ಹೊತ್ತು ಹೋಗುವುದಿಲ್ಲ. ಬಾಗಿಲ ಚಿಲಕ, ಕುರ್ಚಿಯ ಸ್ಕ್ರೂ, ಬೇಲಿಯ ತಂತಿ ಎಂದು ಸಣ್ಣಪುಟ್ಟದ್ದನ್ನು ತಾನೇ ಮಾಡಿಕೊಳ್ಳತೊಡಗಿದ. ಒಂದು ದಿನ ಟ್ರ್ಯಾಕ್ಟರ್ ರಿಪೇರಿಗೆ ಬಂದ ಮೆಕ್ಯಾನಿಕ್ ಜೇಬಿನಿಂದ ಒಂದು ಸಾಮಾನು ತೆಗೆದ. ಬಿಚ್ಚಿದರೆ ಇಕ್ಕಳ, ಮಡಚಿದರೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ. ಅದರ ಹಿಡಿಯೊಳಗೇ ಚಾಕು, ಸ್ಕ್ರೂಡ್ರೈವರ್, ಅರ. ಅಂಗಡಿಯವರು ಮಲ್ಟಿಟೂಲ್ ಅನ್ನುತ್ತಾರೆ. ಸಾಹುಕಾರನಿಗೆ ಅಂಥದ್ದೊಂದು ಬೇಕೇಬೇಕಾಯಿತು. ಆದರೆ ಆರಿಸುವುದು ಹೇಗೆ? ಮೈಲಾರಪ್ಪನನ್ನು ಪೇಟೆಗೆ ಕರೆದ.

ಹೇಗೆ ಕರೆದ ಕೇಳಿ. ಸಾಹುಕಾರ ಮೋಟಾರ್ ಸೈಕಲ್ಲಿನ ಮೇಲೆ ಹೋದ. ಮೈಲಾರಪ್ಪನಿಗೆ, ನೀನು ಬಸ್ಸಿಗೆ ಬಾ ಎಂದ. ಗಾಡಿಯ ಹಿಂದಿನ ಸೀಟು ಹದಿನಾರು ಮೈಲಿ ಖಾಲಿಯೇ ಹೋಯಿತು. ಇಬ್ಬರಿಗೂ ಅದು ವಿಚಿತ್ರ ಅನಿಸಲಿಲ್ಲ. ನಿಮಗೆ ಅನಿಸಿತೇ?

ಅಂಗಡಿಯವನು ನಾಲ್ಕು ಟೂಲು ತೆಗೆದು ಗಾಜಿನ ಮೇಲಿಟ್ಟ. ಸಾಹುಕಾರನ ಕೈ ಹೋದದ್ದು ಎಲ್ಲಕ್ಕಿಂತ ಹೊಳೆಯುವ, ಇಪ್ಪತ್ತೊಂದು ಸಾಮಾನಿರುವ ಟೂಲಿನ ಮೇಲೆ. ಅಂಗಡಿಯವನು ಅದನ್ನು ಮೈಲಾರಪ್ಪನ ಅಂಗೈಗೆ ಕೊಟ್ಟು, ನೋಡಿ ಯಜಮಾನರೇ ಎಂದ. ಪೇಟೆಯವನಿಗೆ ಇವನ ಕೇರಿ ಯಾವುದು ಗೊತ್ತು? ಮೈಲಾರಪ್ಪ ಒಂದೊಂದೇ ಅಲಗು ಬಿಡಿಸಿದ.

"ಇದರಾಗ ಮೀನಿನ ಪೊರೆ ತೆಗಿಯೂದೂ ಐತ್ರಿ ಸಾಹುಕಾರ್ರ. ನಿಮ್ಮ ಅಡಿಗಿಮನಿಗೆ ಯಾವಾಗ ಬಂದ್ವು ಮೀನ?"

ಅಂಗಡಿಯವನು ನಕ್ಕ. ಸಾಹುಕಾರನೂ ನಕ್ಕ. ಆ ಟೂಲು ಪಕ್ಕಕ್ಕೆ ಹೋಯಿತು.

ಎರಡನೆಯದರ ಇಕ್ಕಳದ ಬಾಯಿ ಮುಚ್ಚಿ ಮೈಲಾರಪ್ಪ ಬಾಗಿಲ ಬೆಳಕಿಗೆ ಹಿಡಿದ. ಹಲ್ಲುಗಳ ನಡುವೆ ಬೆಳಕು ಕಂಡಿತು. ಬೇಡ ಎಂದ. ಮೂರನೆಯದರ ಅಲಗು ಬಿಡಿಸಿ ಆಚೀಚೆ ಅಲುಗಿಸಿದ, ಬುಡ ಸಡಿಲವಿತ್ತು. ಅದೂ ಬೇಡ. ನಾಲ್ಕನೆಯದು ನೋಡಲು ಮಂಕು, ಎಂಟೇ ಸಾಮಾನು, ಕೈಗೆ ಭಾರ. ತನ್ನ ಟವೆಲ್ಲಿನ ಅಂಚಿನಿಂದ ಒಂದು ಎಳೆ ಕಿತ್ತು ಇಕ್ಕಳದ ತುದಿಯಲ್ಲಿ ಹಿಡಿದು ಎಳೆದ. ಎಳೆ ಹರಿಯಿತು, ಜಾರಲಿಲ್ಲ. ಚಾಕು ಬಿಡಿಸಿದರೆ ಟಕ್ಕೆಂದು ಕೂತಿತು, ಒತ್ತಿದರೂ ಮಡಚಿಕೊಳ್ಳಲಿಲ್ಲ. ಆಮೇಲೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯೊಂದರಲ್ಲೇ ಟೂಲು ತೆರೆದ, ಮುಚ್ಚಿದ. ಮತ್ತೆ ಎಡಗೈಯೊಂದರಲ್ಲಿ ತೆರೆದ, ಮುಚ್ಚಿದ.

"ಒಂದ ಕೈಲೆ ತೆಗಿಯಾಕ ಬರಬೇಕ್ರಿ. ಇನ್ನೊಂದ ಕೈ ಎಲ್ಲಿ ಸಿಕ್ಕೊಂಡಿರತೈತೋ ಯಾರಿಗೆ ಗೊತ್ತು."

ಅದನ್ನೇ ಕೊಂಡರು. ಇಷ್ಟು ಜಾಗ್ರತೆಯಿಂದ ಆರಿಸಿದ ಟೂಲು. ಬೆಳಕಿಗೆ ಹಿಡಿದು, ಎಳೆ ಎಳೆದು, ಎರಡೂ ಕೈಯಲ್ಲಿ ತೆರೆದು ನೋಡಿ ಆರಿಸಿದ್ದು ಯಾರು? ಮೈಲಾರಪ್ಪ. ನೆನಪಿರಲಿ.

ಎಂಟು ದಿನದ ಮೇಲೆ ಸಾಹುಕಾರನ ಮನೆಯ ಪಂಪು ಕೆಟ್ಟಿತು. ಕೆಲಸದ ನಡುವೆ ಮೈಲಾರಪ್ಪ, ಆ ಟೂಲು ಕೊಡ್ರಿ ಎಂದು ಅಂಗೈ ಚಾಚಿದ. ಪೇಟೆಯ ಅಂಗಡಿಯ ನೆನಪಿನಲ್ಲಿ ಚಾಚಿದನೋ ಏನೋ. ಸಾಹುಕಾರ ಜೇಬಿನಿಂದ ತೆಗೆದ. ಬಗ್ಗಿದ. ನೆಲದ ಮೇಲಿಟ್ಟ. ಚಾಚಿದ ಕೈ ಕೆಳಗಿಳಿದು, ಅಲ್ಲಿಂದ ಎತ್ತಿಕೊಂಡಿತು. ಕೆಲಸ ಮುಗಿದ ಮೇಲೆ ಮೈಲಾರಪ್ಪನೂ ಅದನ್ನು ನೆಲದ ಮೇಲೇ ಇಟ್ಟ. ಸಾಹುಕಾರ ಅದರ ಮೇಲೆ ಒಂದು ಚೊಂಬು ನೀರು ಹಾಕಿ, ಒರೆಸಿ, ಜೇಬಿಗೆ ಹಾಕಿಕೊಂಡ.

ಹೆಂಡತಿ ನೋಡುತ್ತಿದ್ದಳು. ಕೈಗೆ ಕೊಟ್ಟರೆ ಏನಾಗುತ್ತಿತ್ತು ಎಂದು ಕೇಳಿಯೂ ಬಿಟ್ಟಳು. ಸಾಹುಕಾರನ ಬಳಿ ಉತ್ತರ ತಯಾರಿತ್ತು. ಅದರೊಳಗೆ ಚಾಕು ಇದೆಯಲ್ಲ, ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದ. ನೀರು ಹಾಕಿದ್ದು ಗ್ರೀಸು ಹೋಗಲಿ ಎಂದು. ಒಳ್ಳೆಯ ಉತ್ತರ, ಅಲ್ಲವೇ? ನಮ್ಮ ಮನೆಗಳಲ್ಲೂ ಚಾಕು, ಕತ್ತರಿಯನ್ನು ಹಾಗೆ ಕೈಗೆ ಕೊಡುವುದಿಲ್ಲ.

ಆದರೆ ನೋಡಿ, ಆ ವಾರವೇ ಶಾಲೆಯ ಹೆಡ್‌ಮಾಸ್ತರರು ಬಂದರು. ಅವರ ಕನ್ನಡಕದ ಸ್ಕ್ರೂ ಸಡಿಲವಾಗಿತ್ತು. ಸಾಹುಕಾರ ಎದ್ದು ನಿಂತು ಟೂಲನ್ನು ಅವರ ಕೈಗೇ ಕೊಟ್ಟ. ಅವತ್ತು ಅದರೊಳಗೆ ಚಾಕು ಇರಲಿಲ್ಲವೇ? ಇತ್ತು. ಜಗಳದ ಭಯ ಎಲ್ಲಿ ಹೋಗಿತ್ತು? ಮಾಸ್ತರರು ವಾಪಸು ಕೊಟ್ಟಾಗ ಚೊಂಬು ಎಲ್ಲಿತ್ತು? ಯಾರೂ ಕೇಳಲಿಲ್ಲ. ಸಾಹುಕಾರನೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಹೀಗೇ ಒಂದು ವರ್ಷ ನಡೆಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಎಮ್ಮೆಯ ಕೊಟ್ಟಿಗೆಯ ಗೇಟಿಗೆ ಸಾಹುಕಾರ ಹಳೆಯ ದಪ್ಪ ತಂತಿ ಬಿಗಿಯುತ್ತಿದ್ದ. ಬಿಗಿದ ತಂತಿ ಚಿಮ್ಮಿತು. ಅದರ ತುದಿ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹೊಕ್ಕು, ಆಚೆ ಬಂದು, ಕೊಕ್ಕೆಯಾಯಿತು. ಇನ್ನೊಂದು ತುದಿ ಗೇಟಿನ ಕಂಬಕ್ಕೆ ಸುತ್ತಿಕೊಂಡಿತ್ತು. ಕಟ್ಟಿಹಾಕಿದ ಎಮ್ಮೆಯ ಹಾಗೆ ಸಾಹುಕಾರ ತನ್ನ ಗೇಟಿಗೆ ತಾನೇ ಕಟ್ಟಿಕೊಂಡು ನಿಂತ. ಎಡಗೈಯಲ್ಲಿ ಟೂಲು ತೆಗೆದ, ತೆರೆದ. ಅಷ್ಟು ಬಂತು. ಆದರೆ ತಂತಿ ತುಂಡರಿಸುವಷ್ಟು ಬಲ ಎಡಗೈಗೆ ಬರಲಿಲ್ಲ.

ಕೂಗಿದ. ಓಡಿ ಬಂದವನು ಮೈಲಾರಪ್ಪ. ದಾರಿಯಲ್ಲಿ ಹೋಗುತ್ತಿದ್ದವನು ಮಿಕ್ಸಿಯ ಚೀಲ ಬಿಸುಟು ಬಂದ. ಬಂದವನು ಎರಡು ಮಾರು ದೂರದಲ್ಲಿ ನಿಂತುಬಿಟ್ಟ. ಕಾಲಿಗೆ ಅಷ್ಟು ದೂರದ ರೂಢಿ.

ಈಗ ಗಮನ ಕೊಟ್ಟು ಕೇಳಿ. ಸಾಹುಕಾರನ ಕೈಯಿಂದ ರಕ್ತ ಸುರಿಯುತ್ತಿದೆ. ಎಡಗೈಯಲ್ಲಿ ಟೂಲಿದೆ. ಕೈ ಚಾಚಿ ಕೊಡಬೇಕು, ಅಷ್ಟೇ. ಆತ ಏನು ಮಾಡಿದ? ಬಗ್ಗಿದ. ಬಗ್ಗಿದರೆ ತಂತಿ ಎಳೆಯುತ್ತದೆ, ಜೀವ ಹೋಗುವಷ್ಟು ನೋಯುತ್ತದೆ. ಆದರೂ ಹಲ್ಲು ಕಚ್ಚಿ ಬಗ್ಗಿ ಟೂಲನ್ನು ನೆಲದ ಮೇಲಿಟ್ಟ. ನೋವಿಗಿಂತ ರೂಢಿಗೆ ಬಲ ಹೆಚ್ಚಿತ್ತು.

ಮೈಲಾರಪ್ಪ ನೆಲದ ಮೇಲಿನ ಟೂಲನ್ನು ನೋಡಿದ. ತಂತಿಗೆ ಸಿಕ್ಕಿದ ಕೈಯನ್ನು ನೋಡಿದ.

"ಟೂಲ ನೆಲದ ಮ್ಯಾಲೆ ಇಟ್ರಿ ಸಾಹುಕಾರ್ರ," ಎಂದ. "ಕೈ ಎಲ್ಲಿ ಇಡ್ತೀರಿ?"

ಕುಹಕದ ಮಾತಲ್ಲ ಅದು. ಕೆಲಸ ಬಲ್ಲವನ ಪ್ರಶ್ನೆ. ಕೈ ಹಿಡಿಯದೆ ತಂತಿ ತೆಗೆಯುವುದು ಹೇಗೆ?

"ಹಿಡೀಬೇಕಾಗತೈತ್ರಿ. ಹಿಡೀಲೋ ಬ್ಯಾಡೋ, ಹೇಳ್ರಿ."

ಸಾಯುವವನನ್ನು ಉಳಿಸಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಮೈಲಾರಪ್ಪ ಕೇಳಿದ. ಕೇಳುವ ಹಾಗೆ ಮಾಡಿದವರು ಯಾರು?

ಸಾಹುಕಾರ ಹಿಡಿ ಎಂಬಂತೆ ತಲೆಯಾಡಿಸಿದ. ಮೈಲಾರಪ್ಪ ಟೂಲು ಎತ್ತಿಕೊಂಡು, ಆ ಕೈಯನ್ನು ತನ್ನ ಕಂಕುಳಲ್ಲಿ ಅಲುಗದಂತೆ ಒತ್ತಿ ಹಿಡಿದು, ಕಂಬದ ಕಡೆಯ ತಂತಿ ಕತ್ತರಿಸಿದ. ಆಮೇಲೆ ಕೊಕ್ಕೆಯನ್ನು ಕತ್ತರಿಸಿದ. ಉಳಿದದ್ದನ್ನು ಹೊಕ್ಕ ದಾರಿಯಲ್ಲೇ ನಿಧಾನವಾಗಿ ಹೊರಗೆಳೆದ. ಅಂಗಡಿಯಲ್ಲಿ ಎಳೆ ಕಿತ್ತಿದ್ದನಲ್ಲ, ಅದೇ ಟವೆಲ್ಲನ್ನು ಹರಿದು ಕಟ್ಟಿದ. ತುಕ್ಕು ಹಿಡಿದ ತಂತಿ, ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ ಎಂದ. ಟೂಲನ್ನು ಒರೆಸಿ, ಮಡಚಿ, ಸಾಹುಕಾರ ಎಲ್ಲಿ ಇಟ್ಟಿದ್ದನೋ ಅಲ್ಲೇ, ನೆಲದ ಮೇಲೆ ಇಟ್ಟು ಹೋದ.

ಕೊಟ್ಟಿಗೆಯ ನೀರಿನ ತೊಟ್ಟಿಯ ಮೇಲಿದ್ದ ಚೊಂಬನ್ನು ಸಾಹುಕಾರ ಎಡಗೈಯಲ್ಲಿ ಎತ್ತಿದ. ಟೂಲಿನ ಮೇಲೆ ನೀರು ಹಾಕಲು. ರೂಢಿ, ನೋಡಿ! ಎತ್ತಿದವನು ಬಲಗೈ ನೋಡಿಕೊಂಡ. ಮೈಲಾರಪ್ಪನ ಟವೆಲ್ಲು ಅಲ್ಲಿ ಸುತ್ತಿಕೊಂಡಿತ್ತು. ಹಾಗಾದರೆ ಯಾವುದಕ್ಕೆ ನೀರು ಹಾಕುವುದು? ಟೂಲಿಗೋ? ಕೈಗೋ? ಚೊಂಬು ಕೆಳಗಿಟ್ಟು ಗೇಟಿನ ಬುಡದಲ್ಲೇ ಕುಸಿದು ಕೂತ. ಅವತ್ತು ಸಾಹುಕಾರ ಅತ್ತದ್ದು ನೋವಿಗಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಿಮಗೂ ನನಗೂ ಹಿತವಾಗುತ್ತಿತ್ತು. ಮುಗಿಯಲಿಲ್ಲ.

ಗಾಯ ಮಾಗಿತು. ಪಂಪು ಮತ್ತೆ ಕೆಟ್ಟಿತು. ಮೈಲಾರಪ್ಪ ಬಂದು ಕೂತ. ಸಾಹುಕಾರ ಹತ್ತಿರ ಹೋಗಿ ಟೂಲನ್ನು ಕೈಯಲ್ಲಿ ಹಿಡಿದು ಮುಂದೆ ಚಾಚಿದ. ತಗೋ ಮೈಲಾರಪ್ಪ ಎಂದ. ಮೈಲಾರಪ್ಪ ಆ ಕೈಯನ್ನು ನೋಡಿದ. ತನ್ನ ಚೀಲದಿಂದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ, ಹಲ್ಲು ಸವೆದ ಒಂದು ಹಳೆಯ ಇಕ್ಕಳ ತೆಗೆದ.

"ಇರ್ಲಿ ಬಿಡ್ರಿ. ನನ್ನದ ಐತಿ."

ಸಿಟ್ಟಿನಿಂದಲ್ಲ. ಅಷ್ಟೇ ಹೇಳಿ ಕೆಲಸಕ್ಕೆ ಬಗ್ಗಿದ. ಸಾಹುಕಾರನ ಕೈ ಗಾಳಿಯಲ್ಲಿ ನಿಂತಿತು. ಒಂದು ವರ್ಷ ಮೈಲಾರಪ್ಪನ ಕೈ ಹೇಗೆ ನಿಂತಿರಬಹುದು ಎಂದು ಆ ಹೊತ್ತಿಗೆ ಗೊತ್ತಾಯಿತು.

ಹೋಗಲಿ, ಆ ಊರಿನ ಮಾತು ಬಿಡಿ. ಈ ಊರಿಗೆ ಬರೋಣ. ಇವತ್ತು ಸಂಜೆ ಈ ಮೈಕು ಕೆಟ್ಟಿತ್ತು. ನೀವೆಲ್ಲ ನೋಡಿದಿರಿ. ಒಬ್ಬರು ಬಂದು ಸರಿಮಾಡಿದರು. ಅವರು ಸ್ಕ್ರೂಡ್ರೈವರ್ ಕೇಳಿದಾಗ, ನಿಮ್ಮಲ್ಲೊಬ್ಬರು ಅದನ್ನು ಈ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ಯಾರು ಎಂದು ನಾನು ಹೇಳುವುದಿಲ್ಲ. ಅವರು ಈಗ ತಲೆ ತಗ್ಗಿಸಿದ್ದಾರೆ. ಆಮೇಲೆ ನನಗೆ ಸ್ಟೀಲ್ ಲೋಟದಲ್ಲಿ ಚಹಾ ಬಂತು. ಅವರಿಗೆ ಕಾಗದದ ಲೋಟದಲ್ಲಿ ಬಂತು, ಅದನ್ನೂ ಗೋಡೆಯ ಮೇಲಿಟ್ಟರು. ನಾನು ಈ ಪೀಠದ ಮೇಲೆ ಕೂತು ಎಲ್ಲವನ್ನೂ ನೋಡಿದೆ. ನೋಡಿ ಏನು ಮಾಡಿದೆ? ಚಹಾ ಕುಡಿದೆ. ನಾನು ಹತ್ತು ಜನಕ್ಕೆ ಬುದ್ಧಿ ಹೇಳುವವನು. ಅವರ ಹೆಸರನ್ನು ಕೂಡ ಕೇಳಲಿಲ್ಲ. ಕಥೆಯಲ್ಲಿ ಹೆಸರು ಹೇಳಿ ದೊಡ್ಡವನಾದೆನಲ್ಲ, ಇಲ್ಲಿ ಕೇಳಲಿಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಮನೆಗೂ ಒಬ್ಬರು ಬರುತ್ತಾರೆ. ನಲ್ಲಿ ರಿಪೇರಿಗೋ, ಚರಂಡಿಗೋ, ಕಟ್ಟಿಗೆ ಸೀಳುವುದಕ್ಕೋ. ಅವರು ಏನಾದರೂ ಕೇಳುತ್ತಾರೆ. ನಿಮ್ಮ ಸೊಂಟ ತಾನಾಗಿ ಬಗ್ಗುತ್ತದೆ. ಅಲ್ಲಿ ಎಚ್ಚರವಾಗಿ. ಬಗ್ಗಬೇಡಿ. ಮುಂದೆ ಹೋಗಿ ಕೈಯಲ್ಲಿ ಕೊಡಿ. ಚಾಕು ಕೊಡಲು ಹೆದರಿಕೆಯಾದರೆ ಹೆಡ್‌ಮಾಸ್ತರರಿಗೆ ಹೇಗೆ ಕೊಡುತ್ತೀರೋ ಹಾಗೆ ಕೊಡಿ. ನೀರು ಕೊಡುವಾಗ ನೀವು ಕುಡಿಯುವ ಲೋಟದಲ್ಲೇ ಕೊಡಿ. ಅವರು ತೆಗೆದುಕೊಳ್ಳದೆ ಹೋಗಬಹುದು. ಇರಲಿ ಬಿಡಿ ಎನ್ನಬಹುದು. ಆಗ ನಿಮಗೆ ಅವಮಾನವಾಗುತ್ತದೆ, ಆಗಲಿ. ಇಷ್ಟು ಮಾಡಿದರೂ ತಗೊಳ್ಳಲಿಲ್ಲವಲ್ಲ ಎಂದು ಸಿಟ್ಟಾಗಬೇಡಿ. ಅವರು ತಗೊಳ್ಳಲೇಬೇಕು ಎಂಬ ಸಾಲ ಅವರ ಮೇಲಿಲ್ಲ. ಮಾರನೆಯ ದಿನವೂ ಕೈ ಚಾಚಿ. ನಿಮ್ಮ ಕೆಲಸ ಚಾಚುವುದು.

ಮೈಕು ಸರಿಮಾಡಿದವರು ಇನ್ನೂ ಹೊರಗೆ ಗೋಡೆಯ ಹತ್ತಿರ ನಿಂತಿದ್ದಾರೆ. ಮತ್ತೆ ಕೆಟ್ಟರೆ ಇರಲಿ ಎಂದು ನೀವೇ ನಿಲ್ಲಿಸಿದ್ದೀರಿ. ಈ ಸ್ಟೀಲ್ ಲೋಟವನ್ನು ನಾನೇ ತೊಳೆದು ಚಹಾ ತುಂಬಿಸಿಕೊಂಡು ಅವರ ಹತ್ತಿರ ಹೋಗುತ್ತೇನೆ. ಮೊದಲು ಹೆಸರು ಕೇಳುತ್ತೇನೆ. ಅವರು ತಗೊಳ್ಳುತ್ತಾರೋ ಇಲ್ಲವೋ, ನೀವು ಇಲ್ಲೇ ಕೂತು ನೋಡಿ.