ಉಣ್ಣಿತ್ತಾನ್ ಸಾರ್ ಯಾವ ಪಕ್ಷ?

ಈ ಗೋಡಂಬಿ ಕಂಪನಿಯ ಒಡೆಯರಾದ ನಮ್ಮ ಮುದಲಾಳಿ ನುಜುಮುದ್ದೀನ್ ಸಾಹೇಬರೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ಉಣ್ಣಿತ್ತಾನ್ ಸಾರ್ ಅವರ ಮಡದಿ ಸರಳಾ ಟೀಚರ್ ಅವರೇ, ಟೀಚರ್ ಕಡೆಯ ಬಂಧುಗಳೇ, ಬೀಜ ಒಡೆಯುವ ಶೆಡ್ಡಿನಿಂದ ಕೈ ಕೂಡ ಸರಿಯಾಗಿ ತೊಳೆಯದೆ ಎದ್ದು ಬಂದಿರುವ ಅಕ್ಕಂದಿರೇ, ನಮ್ಮ ಚೇಚಿಯರೇ, ಕಚೇರಿಯ ಗೆಳೆಯರೇ — ಎಲ್ಲರಿಗೂ ನಮಸ್ಕಾರ.

ಸಾರ್ ತೀರಿಕೊಂಡ ದುಃಖ ಹಂಚಿಕೊಳ್ಳಲು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ನಿಲ್ಲುವುದೇನೋ ನಿಂತಿದ್ದೇನೆ. ಆದರೆ ದುಃಖಕ್ಕಿಂತ ಹೆಚ್ಚು ಗೊಂದಲದಲ್ಲಿ ನಿಂತಿದ್ದೇನೆ. ಈಗಷ್ಟೇ ಮುದಲಾಳಿ ನನ್ನನ್ನು ಪಕ್ಕಕ್ಕೆ ಕರೆದರು. "ಪ್ರಸನ್ನಾ, ಉಣ್ಣಿತ್ತಾನ್ ಸಾರ್ ಮನಸ್ಸಲ್ಲಿ ಏನಿತ್ತು ಅಂತ ಎಲ್ರ ಮುಂದೆ ಹೇಳ್ಬಿಡು. ನಾಳೆ ನಾನು ಸಹಿ ಹಾಕ್ಬೇಕು" ಎಂದರು. ಅಲ್ಲಿಂದ ತಪ್ಪಿಸಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಯೂನಿಯನ್ನಿನ ಕನಕಮ್ಮ ಚೇಚಿ ಮಗನನ್ನು ಕರೆಯುವಂತೆ ಕರೆದು ನನ್ನ ತೋಳು ಹಿಡಿದರು. "ನೋಡು ಮೋನೆ, ಸಾರ್ ಹೇಳಿದ್ದನ್ನೇ ಹೇಳು. ಏನೇನೋ ಸೇರಿಸ್ಬೇಡ."

ಸೇರಿಸುವುದಿಲ್ಲ, ಚೇಚಿ. ಕಷ್ಟ ಇರುವುದು ಸೇರಿಸುವುದರಲ್ಲಿ ಅಲ್ಲ — ಅವರು ಹೇಳಿದ್ದೇನು ಎನ್ನುವುದರಲ್ಲಿ.

ಹೊರಗಿನಿಂದ ಬಂದ ಬಂಧುಗಳಿಗಾಗಿ ಒಂದು ಮಾತು. ಕೊಲ್ಲಂನ ಗೋಡಂಬಿ ಎಂದು ಲೋಕವೆಲ್ಲ ತಿನ್ನುತ್ತದೆ, ಆದರೆ ಅದರ ಬೀಜ ಕೊಲ್ಲಂನದ್ದಲ್ಲ. ಅದು ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ಅಲ್ಲಿಯವರು ಈಗ ತಾವೇ ಒಡೆಯಲು ಕಲಿತಿದ್ದಾರೆ. ಉಳಿದದ್ದನ್ನು ವಿಯೆಟ್ನಾಮಿನವರು ಮರದಲ್ಲಿರುವಾಗಲೇ ಕೊಳ್ಳುತ್ತಾರೆ. ಅಲ್ಲಿ ಹಡಗು ತುಂಬಿದರೆ ಇಲ್ಲಿ ಉಸಿರು, ತುಂಬದಿದ್ದರೆ ನಮಗೆ ಉಳಿಯುವುದು ಬರೀ ಹೆಸರು. — ಕ್ಷಮಿಸಿ, ಪ್ರಾಸ ಬಂತು. ಉಣ್ಣಿತ್ತಾನ್ ಸಾರ್ ಇದ್ದಿದ್ದರೆ, "ಎಡೋ, ನಿನ್ನ ಪ್ರಾಸ ಕೇಳಿ ಟಾಂಜಾನಿಯಾದವ್ನು ರೇಟು ಇಳಿಸ್ತಾನೇನೋ?" ಎನ್ನುತ್ತಿದ್ದರು.

ಈಗ ಕಂಪನಿಯ ಕೈಯಲ್ಲಿರುವ ದುಡ್ಡು ಒಂದು ಕೆಲಸಕ್ಕೆ ಸಾಕು, ಎರಡಕ್ಕೆ ಸಾಲದು. ಒಂದು — ಟಾಂಜಾನಿಯಾದ ಬೀಜಕ್ಕೆ ಮುಂಗಡ ಕೊಟ್ಟು ಹಡಗು ಹಿಡಿಯುವುದು. ಇನ್ನೊಂದು — ದುಬೈಯಲ್ಲಿ ನಮ್ಮದೇ ಹೆಸರಿನ ಅಂಗಡಿ ತೆರೆಯುವುದು. ಹಡಗು ಹಿಡಿಯದಿದ್ದರೆ ಓಣಂ ಕಳೆದ ಮೇಲೆ ಈ ಶೆಡ್ಡಿಗೆ ಬೀಗ. ಚೇಚಿಯರು ಮುಂದಿನ ಫಸಲಿನವರೆಗೆ ಮನೆಯಲ್ಲಿ. ಅಂಗಡಿ ಹಿಡಿಯದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ನಾವು ಸಾಯುವವರೆಗೂ ಬೇರೆಯವರ ಡಬ್ಬಿಗೆ ಗೋಡಂಬಿ ತುಂಬುತ್ತಿರಬೇಕು. ಯಾವುದು ಸರಿ? — ಇಂಥದ್ದನ್ನು ಯೋಚಿಸಲೆಂದೇ ಯೋಜನಾ ವಿಭಾಗ ಎಂದು ಒಂದಿತ್ತು. ಒಂದು ಮೇಜು, ಒಂದು ಫ್ಯಾನು, ಒಬ್ಬ ಭಾರ್ಗವನ್ ಉಣ್ಣಿತ್ತಾನ್.

ಅವರ ಪದ್ಧತಿ ಕಚೇರಿಯವರಿಗೆಲ್ಲ ಗೊತ್ತು. ಕುರ್ಚಿ ಬದಲಿ! ಪ್ರಸ್ತಾಪ ಬೇಕೆನ್ನುವವರು ಕಿಟಕಿಯ ಕಡೆ, ಬೇಡವೆನ್ನುವವರು ಬಾಗಿಲ ಕಡೆ. ಯಾರೂ ಬಾಯಿ ತೆರೆಯುವಂತಿಲ್ಲ. ಚಹಾ ಬರುತ್ತದೆ. ಚಹಾ ಮುಗಿದ ಮೇಲೆ ಎಲ್ಲರೂ ಎದ್ದು ಎದುರಿನ ಸಾಲಿಗೆ ಹೋಗಬೇಕು, ಎದುರಾಳಿಯ ಮಾತನ್ನು ತನ್ನದೇ ಎಂಬಂತೆ ಆಡಬೇಕು. ಅರೆಮನಸ್ಸಿನಿಂದ ಆಡಿದರೆ ಸಾರ್ ಮೇಜು ಕುಟ್ಟುತ್ತಿದ್ದರು — ಹೀಗೆ — "ನಂಬಿ ಮಾತಾಡ್ರೀ! ನೀವೇ ನಂಬ್ದೆ ಇದ್ರೆ ನಾವ್ಯಾಕೆ ಕೇಳ್ಬೇಕು?"

ಬೀಜ ಒಡೆಯುವ ಯಂತ್ರದ ಸಭೆ ನೆನಪಿದೆಯೇ? ಯಂತ್ರ ಬೇಡ ಎಂದು ಬಾಗಿಲ ಕಡೆ ಕುಳಿತಿದ್ದವರು ಕನಕಮ್ಮ ಚೇಚಿ. ಚಹಾ ಆದ ಮೇಲೆ ಕಿಟಕಿಯ ಕಡೆ ಬಂದು, ಸೆರಗು ಸಿಕ್ಕಿಸಿ ನಿಂತರು. "ಯಂತ್ರಕ್ಕೆ ಸೊಂಟ ನೋಯಲ್ಲ! ಯಂತ್ರಕ್ಕೆ ಮಗಳ ಮದುವೆ ಇರಲ್ಲ! ಯಂತ್ರ ಓಣಂ ಬೋನಸ್ ಕೇಳಲ್ಲ!" ಎಂದು ಶುರು ಮಾಡಿದವರು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಮುದಲಾಳಿ ಅಲ್ಲೇ ಫೋನು ಎತ್ತಿ ಯಂತ್ರ ತರಿಸಲು ಹೊರಟರು. ಚೇಚಿ ಹಣೆ ಹಣೆ ಚಚ್ಚಿಕೊಂಡು, "ಅಯ್ಯೋ ಮುದಲಾಳೀ, ನಂಬ್ಬೇಡಿ, ಅದು ನಾನಲ್ಲ!" ಎಂದು ಫೋನು ಕಿತ್ತುಕೊಂಡರು. — ನಗಿ, ನಗಿ, ಟೀಚರ್ ಕೂಡ ನಗುತ್ತಿದ್ದಾರೆ.

ಇನ್ನು ದುಬೈ ಸಭೆ. ಅದೇ ಅವರ ಕೊನೆಯ ಸಭೆ. ಅಂದು ಸಾರ್ ತಡವಾಗಿ ಬಂದರು. ಆಗ ನಾವೆಲ್ಲ ಚಹಾ ಲೋಟ ಹಿಡಿದುಕೊಂಡು ಎಲ್ಲೆಂದರಲ್ಲಿ ನಿಂತಿದ್ದೆವು. ಅವರು ತಟ್ಟೆಯಿಂದ ಕರಿದ ಬಾಳೆಹಣ್ಣಿನ ಒಂದು ಪಳಂಪೊರಿ ಎತ್ತಿಕೊಂಡು ನೆಟ್ಟಗೆ ಹೋಗಿ ಕಿಟಕಿಯ ಕಡೆ ಕುಳಿತರು. ಕುಳಿತವರೇ ದುಬೈ ಪರವಾಗಿ ಮಾತು ತೆಗೆದರು. ಅಂಥ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. "ಸುಟ್ಟಿದ್ದು ನಾವು, ಒಡೆದಿದ್ದು ನಾವು, ಸಿಪ್ಪೆ ತೆಗೆದಿದ್ದು ನಾವು. ಡಬ್ಬಿ ಮೇಲೆ ಮಾತ್ರ ಯಾವನದೋ ಹೆಸ್ರು! ನಮ್ಮ ಮಗೂಗೆ ಎಷ್ಟು ವರ್ಷ ಅಂತ ಬೇರೆಯವ್ರ ಇನಿಷಿಯಲ್ ಹಾಕೋದು?" ಕಣ್ಣಲ್ಲಿ ನೀರಿತ್ತು. ಮಾತು ಮುಗಿಸಿ, "ಸ್ವಲ್ಪ ಗ್ಯಾಸು, ಮನೆಗೆ ಹೋಗ್ತೀನಿ, ಮಿಕ್ಕಿದ್ದು ನಾಳೆ" ಎಂದು ಎದ್ದರು. ಬೆಳಗ್ಗೆ ಟೀಚರ್ ಫೋನು ಬಂತು.

ಈಗ ಹೇಳಿ. ಕುರ್ಚಿ ಬದಲಾದ ಹೊತ್ತು ಅದು ಎಂದು ತಿಳಿದೇ ಕುಳಿತಿದ್ದರೆ, ಅವರಾಡಿದ್ದು ಎದುರಾಳಿಯ ಮಾತು. ಸಾರ್ ದುಬೈಗೆ ವಿರೋಧ. ಬಂದ ಅವಸರದಲ್ಲಿ ನಿಯಮ ಮರೆತು ತಮ್ಮ ಮಾತನ್ನೇ ಆಡಿದ್ದರೆ, ಸಾರ್ ದುಬೈ ಪರ. ಯಾವುದು? ನನಗೆ ನಿಜವಾಗಿ ತಿಳಿಯುತ್ತಿಲ್ಲ.

ಮುದಲಾಳಿಯನ್ನು ಕೇಳಿದೆ. "ಕಣ್ಣೀರು ನೋಡಿದ್ಯಲ್ಲೋ! ಬೇರೆಯವ್ರ ಮಾತಾಡುವಾಗ ಯಾರಿಗಾದ್ರೂ ಕಣ್ಣೀರು ಬರತ್ತಾ?" ಎಂದರು. ಕನಕಮ್ಮ ಚೇಚಿಯನ್ನು ಕೇಳಿದೆ. "ಹೂಂ, ಬರತ್ತೆ. ಯಂತ್ರದ ಪರ ಮಾತಾಡುವಾಗ ನಂಗೇ ಬಂದಿತ್ತು" ಎಂದರು. ಕೊನೆಗೆ ಟೀಚರ್ ಮನೆಗೇ ಹೋದೆ. ಟೀಚರ್, ನೀವು ಹೇಳಿದ್ದನ್ನು ಹೇಳಿಬಿಡಲೇ? — "ಮನೇಲೂ ಹಂಗೇ ಪ್ರಸನ್ನಾ. ಮೀನು ತಗೊಳ್ಳೋದಾ ಬೇಡ್ವಾ ಅಂದ್ರೆ ಮೀನಿನ ಪರವಾಗೂ ಮಾತಾಡೋರು, ವಿರುದ್ಧವಾಗೂ ಮಾತಾಡೋರು. ಅಷ್ಟರಲ್ಲಿ ಮೀನಿನವ್ನ ಸೈಕಲ್ಲು ರೈಲ್ವೆ ಗೇಟು ದಾಟಿರ್ತಿತ್ತು. ಅವತ್ತು ಬಂದು ಚಪ್ಪಲಿ ಬಿಡ್ತಾ 'ಇವತ್ತು ಚೆನ್ನಾಗಿ ಮಾತಾಡ್ದೆ ಸರಳಾ' ಅಂದ್ರು. ಯಾವುದ್ರ ಬಗ್ಗೆ ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಎರಡೂ ಕಡೆ ಕೇಳ್ಬೇಕು. ಒಲೆ ಮೇಲೆ ಅನ್ನ ಇತ್ತು."

ಹೀಗಿದೆ ನನ್ನ ಸ್ಥಿತಿ. ಹೇಳಿದರೆ ಊಹೆ, ಹೇಳದಿದ್ದರೆ ತೀರದ ನಿಮ್ಮೆಲ್ಲರ ದಾಹ. ಒಂದು ಸುಳ್ಳು ಹೇಳಿ ಅವರನ್ನು ಯಾವುದಾದರೂ ಪಕ್ಷಕ್ಕೆ ಸೇರಿಸಬಹುದು. ಎದ್ದು ಬಂದು ತಿದ್ದಲು ಅವರಿಂದಾಗದು. ಆಗದು ಎಂಬ ಕಾರಣಕ್ಕೇ ನಾನು ಹಾಗೆ ಮಾಡಲಾರೆ. ಮುದಲಾಳೀ, ನನಗೆ ಗೊತ್ತಿಲ್ಲ. ಸಾರ್ ಏನು ಬಯಸಿದ್ದರು ಎಂದು ನನಗೆ ಗೊತ್ತಿಲ್ಲ. ನೀವು ನಾಳೆ ಹಾಕುವ ಸಹಿ ನಿಮ್ಮದೇ ಆಗಿರಬೇಕು.

ನೀವು ತಲೆ ಆಡಿಸುತ್ತಿದ್ದೀರಿ. ಹೌದೆಂದೋ ಅಲ್ಲವೆಂದೋ ಅದೂ ನನಗೆ ತಿಳಿಯುತ್ತಿಲ್ಲ. — ಏನಂದಿರಿ? — ಮೈಕು ಅವರಿಗೆ ಕೊಡಿ. ಬೇಡವೇ? ಸರಿ, ನಾನೇ ಹೇಳುತ್ತೇನೆ, ಹಿಂದಿನವರಿಗೆ ಕೇಳಿಸಲಿ. "ಹಡಗು ಹಿಡೀತೀನಿ. ಬೀಜ ಬರ್ಲಿ, ಶೆಡ್ಡು ನಡೀಲಿ. ತಪ್ಪಾದ್ರೆ ತಪ್ಪು ನಂದು, ಸತ್ತವ್ರದ್ದಲ್ಲ" — ಹಾಗೆಂದು ಮುದಲಾಳಿ ಹೇಳುತ್ತಿದ್ದಾರೆ.

ಚೇಚಿಯರೇ, ಚಪ್ಪಾಳೆ ಬೇಡ. ಸಾವಿನ ಸಭೆ ಇದು. ಕನಕಮ್ಮ ಚೇಚಿ, ಕಣ್ಣು ಒರೆಸಿಕೊಳ್ಳಿ. ಈ ಸಲ ಅದು ನೀವೇ ಎಂದು ನಂಬುತ್ತೇನೆ.

ಟೀಚರ್ ಏನೋ ಕೇಳುತ್ತಿದ್ದಾರೆ. — ಹೇಳಿ ಟೀಚರ್. — "ಇದನ್ನ ಬೇಡ ಅನ್ನೋರು ಯಾರೂ ಇಲ್ವಾ?"

ಯಾರಾದರೂ ಇದ್ದೀರಾ? ಹಿಂದಿನ ಸಾಲು? ಕಚೇರಿಯವರು? — ದುಬೈ ಅಂಗಡಿಗಾಗಿ ಒಂದು ಮಾತು ಆಡುವವರು, ನಂಬಿ ಆಡುವವರು, ಒಬ್ಬರಾದರೂ?

ಇಲ್ಲ.

ನೋಡಿ, ಈ ಕಂಪನಿಯಲ್ಲಿ ಒಂದು ತೀರ್ಮಾನ ಎದುರು ಮಾತಿಲ್ಲದೆ ಆಗಿಹೋಗಿದ್ದು ಇದೇ ಮೊದಲು. ನನಗೆ ಸಮಾಧಾನವೂ ಆಗುತ್ತಿದೆ, ಭಯವೂ ಆಗುತ್ತಿದೆ. ಈಗ ಎದ್ದು ನಿಂತು "ತಡೀರಿ" ಎನ್ನಬೇಕಾಗಿದ್ದವರು ಫೋಟೋ ಆಗಿ, ಹಾರ ಹಾಕಿಸಿಕೊಂಡು ಆ ಮೇಜಿನ ಮೇಲಿದ್ದಾರೆ. ಅವರು ಹೋದರು ಎಂದು ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದೆ. ನನಗೆ ಗೊತ್ತಾಗಿದ್ದು ಈ ನಿಮಿಷ.

ಈ ಸದ್ದಿಲ್ಲದ ಹೊತ್ತನ್ನು ಹೀಗೆಯೇ ಇಟ್ಟುಕೊಳ್ಳೋಣ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.