ಬಾಣಂತನದ ಸೌದೆ

ಬಸ್ ಸ್ಟಾಪಿನಲ್ಲಿ ಕಿವಿಗೆ ಬಿದ್ದ ಮನೆಮಾತನ್ನು ಬರೆಯುವುದು ತಪ್ಪೇ ಇರಬಹುದು, ಕ್ಷಮಿಸಿ. ಚಾಮುಂಡಿ ಬೆಟ್ಟದ ತಪ್ಪಲಿನ ಒಣಹುಲ್ಲಿಗೆ ಬೆಂಕಿ ಬಿದ್ದಿದ್ದ ಮರುದಿನ, ಒಬ್ಬಾತ ತನ್ನ ಅಕ್ಕನನ್ನು ಗದರುತ್ತಿದ್ದ.

“ಬೆಂಕಿ ನಿನ್ನ ಬೇಲಿವರೆಗೂ ಬಂದಿತ್ತು ಕಣಕ್ಕ. ನೀನು ನೋಡಿದ್ರೆ ಗೋಡೆಗೇ ಸೌದೆ ಒಟ್ಟಿದ್ದೀಯ, ಪಕ್ಕದಲ್ಲೇ ಸೀಮೆಣ್ಣೆ ಕ್ಯಾನು ಬೇರೆ!”

“ವಾಣಿ ಬಾಣಂತನಕ್ಕೆ ಕಣೋ ಲಿಂಗರಾಜು. ಹಂಡೆ ನೀರು ಕಾಯಿಸ್ಬೇಕಲ್ಲ.”

“ಹೇಳ್ದೆ ಕೇಳ್ದೆ ಮದ್ವೆಯಾಗಿ ಹೋದ ಮಗಳು. ಮೂರು ವರ್ಷದಿಂದ ಒಂದು ಫೋನಿಲ್ಲ.”

“ಈಗ ಏಳು ತಿಂಗಳಂತೆ. ವಿಜಯನಗರದಲ್ಲಿ ಯಾರೋ ನೋಡಿದ್ರಂತೆ.”

“ಅವಳು ಬರೋ ಹೊತ್ಗೆ ಮನೆ ಇರ್ಬೇಕಲ್ಲಕ್ಕ?”



“ಸೀಮೆಣ್ಣೆ ನೀನೇ ತಗೊಂಡೋಗ್ಬುಡು. ಸೌದೇನ ಬಾವಿಯಾಚೆ ಒಟ್ಟಿ ತಗಡು ಮುಚ್ಚೋಣ. ನೆನೀಬಾರ್ದು ಕಣೋ, ಹಸಿ ಸೌದೆ ಹೊಗೆ ಮಗೀಗೆ ಆಗಲ್ಲ.”

ಬಸ್ಸು ಬಂತು, ಇಬ್ಬರೂ ಹತ್ತಿದರು. ವಾಣಿ ಬಂದಳೋ ಇಲ್ಲವೋ, ನನಗೆ ಗೊತ್ತಿಲ್ಲ.