ಅವ್ವ ಬಿತ್ತಿದ ಹೀರೀ ಮಡಿ

ಸಾವಿರದ ಒಂಬೈನೂರಾ ಮೂವತ್ತೆಂಟು, ಫೆಬ್ರುವರಿ ಹದಿನೆಂಟು, ಶುಕ್ರವಾರ. ಅವತ್ತ ಬಿತ್ತಿದ್ದು ಈ ಹೀರೀ ಮಡಿ...

ಯಾಕ ನಗತೀ, ರಾಜಕ್ಕಾ? ತಾರೀಖು ಇಲ್ಲದ ನನಗ ಮಾತು ಹೊರಡಂಗಿಲ್ಲ. ಪುಣೇದಾಗ ಬಿ.ಎಸ್ಸಿ. ಮಾಡಿ ಬಂದದ್ದು ಇಷ್ಟಕ್ಕ ಏನು ಅಂತ ನಮ್ಮ ಹುನ್ನೂರ ಊರ ಮಂದೀನೂ ನಗತಾರ.

ಕೂಡು, ಆ ಕಟ್ಟಿ ಮ್ಯಾಲ ಕೂಡು. ಮುಧೋಳದಿಂದ ಚಕ್ಕಡ್ಯಾಗ ಬಂದು ಮೈ ನೊಂದಿರತೈತಿ. ಉಂಡಿ ತಾಟು ಮುಂದ ಸರಸತೀಯಾ? ಆಮ್ಯಾಲ ತಿಂತೇನಿ. ಕೈ ಮಣ್ಣಾಗೇತಿ ನೋಡು.

ಅವ್ವ ಒಳಗ ಮಲಗ್ಯಾಳ. ಛಲೋ ಅದಾಳ... ಖರೇನ ಛಲೋ ಅದಾಳ. ಎರಡೂ ಹೊತ್ತು ಉಣತಾಳ. ಮರವು ಐತಿ, ಇಲ್ಲ ಅನ್ನಂಗಿಲ್ಲ. 'ನೀ ಯಾರ ಪೈಕಿ ಬೇ' ಅಂತ ಹೆತ್ತ ಮಗಳಾದ ನಿನ್ನ ಕೇಳಿದಳಲ್ಲ, ಮನಸಿಗೆ ಹಚ್ಚಿಕೋಬ್ಯಾಡ. ನನ್ನ ದಿನಾ ಮುಂಜಾನೆ ಧರೆಪ್ಪ ಅಂತಾಳ. ಧರೆಪ್ಪ ಅಂದರ ನಮ್ಮ ನೀರ ಸೇದೂ ಆಳು. ನಾ ನೀರ ಸೇದೂದು ನೋಡಿದರ ಅದು ನನಗ ಹೊಗಳಿಕೀನ.

ಆದರ ಬಿತ್ತೂ ಮುಂದ ನೋಡಬೇಕಿತ್ತು ನೀ. ಸಸ್ಯಶಾಸ್ತ್ರ ಓದಿದಾಂವ ಅಂತ ನಾ ಬೀಜಾನ ಎರಡು ಗೇಣು ಅನ್ನೂವಷ್ಟು ಆಳಕ್ಕ ಹಾಕಿದೆ. ಕೈ ಮ್ಯಾಲ ಒಂದು ಏಟು ಬಿತ್ತು. 'ಶಾಂತೂ, ಬಿತ್ತಾಕತ್ತೀಯೋ, ಹೂಳಾಕತ್ತೀಯೋ?' ಶಾಂತೂ ಅಂದಳಕ್ಕಾ. ಮಣ್ಣಾಗ ಕೈ ಇಟ್ಟಾಗ ಆಕಿಗೆ ನನ್ನ ಹೆಸರು ಬರತೈತಿ. ನಾಳೆ ಅವ್ವನ್ನ ಕರಕೊಂಡು ಹೋಗತೇನಿ ಅಂತ ಬಂದೀ. ನಿಮ್ಮ ಮನಿ ಹಿತ್ತಲ ತುಂಬ ಫರಸಿ ಕಲ್ಲು ಹಾಸೀರಿ, ಮಣ್ಣ ಇಲ್ಲ. ಅಲ್ಲಿ ಆಕಿ ನನ್ನ ಹೆಸರು ಎಲ್ಲಿ ಹುಡುಕಬೇಕು?

ಏನು, ಸಸಿ ಕಡಿಮಿ ಅದಾವ ಅಂತ ನೋಡಾಕತ್ತೀಯಾ? ಅಳಿಲು. ಈ ವರ್ಷ ಅಳಿಲಿನ ಕಾಟ ಭಾಳ.

...ಹೌದು, ಅಳಿಲು ಸಸಿ ಕಿತ್ತು ಕಟ್ಟಿ ಮ್ಯಾಲ ಸಾಲಾಗಿ ಇಡಂಗಿಲ್ಲ. ಸುಳ್ಳಿನಾಗ ನಾ ಯಾವಾಗಲೂ ಮೂರನೇ ದರ್ಜೆ.

ಅವ್ವ ತಾನ ಕೀಳತಾಳ. ಬೇರು ಬಿಟ್ಟಾವೋ ಇಲ್ಲೋ ನೋಡಾಕ. ನೋಡಿ, ಖುಷಿಪಟ್ಟು, ಸಾಲಾಗಿ ಇಟ್ಟು ಬಸದಿಗೆ ಹೋಗತಾಳ. ತಿರುಗಿ ಬರೂದರಾಗ ಮರತಿರತಾಳ. 'ಜೀವ ಇದ್ದ ಸಸಿ ಕಿತ್ತವರು ಯಾರು?' ಆಕಿ ನೇಮ ನಿನಗ ಗೊತ್ತಲ್ಲ, ಹಸಿ ಸಸಿ ಕಿತ್ತವರು ಅವತ್ತ ಉಪವಾಸ. ನಾ ಸಣ್ಣಾಂವ ಇದ್ದಾಗ ಬದನಿ ಸಸಿ ಕಿತ್ತೆ. ಕೂಸು ಅಂತ ನನಗ ಉಣಿಸಿ, ನನ್ನ ಪಾಲಿಂದು ತಾ ಉಪವಾಸ ಕುಂತಳು. ಈಗೂ ಹಂಗ. ಯಾರೂ ಒಪ್ಪಲಿಲ್ಲ ಅಂದರ, ಮನಿ ಹಿರ್ಯಾಕಿ ಅಂತ ತಾನ ಕೂಡತಾಳ. ಮೊದಲನೇ ಸಲ ಕುಂತಳು. ಮರುದಿನ ಅವೇ ಬಾಡಿದ ಸಸಿ ನೋಡಿ, ನಿನ್ನೆ ಕುಂತದ್ದು ಮರತು, ಮತ್ತ ಕುಂತಳು. ಮೂರನೇ ದಿನ ಬಾವಿ ಹತ್ತರ ಚಕ್ಕರ ಬಂದು ಬಿದ್ದಳು.

ಇಲ್ಲ, ಈಗ ಇಲ್ಲ. ಅಂದೆನಲ್ಲ, ಎರಡೂ ಹೊತ್ತು ಉಣತಾಳ. ಒಂದು ಉಪಾಯ ಮಾಡೇನಿ.

ಏನು ಉಪಾಯ ಅಂದರ... ಬಿಡು. ತಾಟು ಯಾಕ ಮತ್ತ ಮುಂದ ಸರಸತೀ? ಹೊತ್ತು ಮುಣಗಿತು ನೋಡು, ಇನ್ನ ಉಣ್ಣಂಗಿಲ್ಲ. ಪುಣೇದಾಗ ಕಂದೀಲ ಹಚ್ಚಿಕೊಂಡು ಉಣತಿದ್ದೆ, ಖರೆ. ಈಗ ಧರ್ಮ ತಿಳೀತು ಅಂತ ಇಟ್ಟುಕೋ.

ಹಂಗ ನೋಡಬ್ಯಾಡ. ಅಂಗಿ ಸಡಲ ಆಗಿದ್ದರ ಅದು ದರ್ಜಿ ತಪ್ಪು.

ಏನಂದಿ ರಾಜಕ್ಕಾ, ಅವ್ವನ ಬದಲಿ ನೀ ಕೂಡತೀಯೇನು ಅಂತಾ?

ಹೌದು. 'ನಾನ ಕಿತ್ತೆ ಅವ್ವಾ' ಅಂತೇನಿ. ಬೈತಾಳ. ಅರ್ಧಾ ತಾಸಿನಾಗ ಮರೀತಾಳ. ಆಮ್ಯಾಲ ನಾ ಉಂಡರ ಕೇಳಾವರು ಯಾರೂ ಇಲ್ಲ. ಉಪಾಯ ಮಾಡಿದಾಗ ಹಂಗ ಲೆಕ್ಕ ಹಾಕಿದ್ದೆ. ಆದರ ಬೈದ ಮ್ಯಾಲ ತಲಿ ಸವರತಾಳ. 'ಈಗ ದೊಡ್ಡಾಂವ ಆದಿ ಶಾಂತೂ, ನಿನ್ನ ಉಪವಾಸ ನೀನ ಕೂಡು' ಅಂತಾಳ. ಅರ್ಧಾ ತಾಸು ನನ್ನ ನಂಬಿರತಾಳಲ್ಲ... ಅಷ್ಟು ಕೇಳಿ ಅಡಗಿ ಮನಿಗೆ ಹೋಗಿ ಉಣ್ಣಾಕ ಆಗಂಗಿಲ್ಲ. ಪದವೀಧರನ ವಿಚಾರಶಕ್ತಿ ಇಷ್ಟ.

ಅಳಬ್ಯಾಡ. ನಾಳೆ ಚಕ್ಕಡಿ ಖಾಲೀನ ಹೊಡಕೊಂಡು ಹೋಗು. ಬೀಜ ಇನ್ನೂ ಅದಾವ, ನಾವು ಮತ್ತ ಬಿತ್ತತೇವಿ.

ಬೆರಳು ಮಡಚಿ ಎಷ್ಟು ಉಪವಾಸ ಅಂತ ಕೇಳಬ್ಯಾಡ. ಎರಡೂ ಕೈ ಸಾಲಂಗಿಲ್ಲ.

ಇವತ್ತಿನದು ಹಿಡಿದು ಹನ್ನೊಂದು.